ಲಿಮಾದ ಚೀಫಾದಲ್ಲಿ ಏನು ತಿನ್ನೋದು, ಏನು ಕುಡಿಯೋದು?

ಮಾಚು ಪಿಚು ನೋಡಲು ಹೊರಟವರು ಸಾಮಾನ್ಯವಾಗಿ ಪೆರುವಿನ ರಾಜಧಾನಿ ಲಿಮಾದಲ್ಲಿ ಒಂದೆರಡು ದಿನ ಇರುತ್ತಾರೆ. ನಿಂಬೆರಸದಲ್ಲಿ ನೆನೆಸಿದ ಹಸಿ ಮೀನಿನ ಸೆವಿಚೆ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ಆದರೆ ಊರಲ್ಲಿ ಇಳಿದ ಮೇಲೆ ಕಣ್ಣಿಗೆ ಬೀಳೋದು ಬೇರೆಯೇ. ಬೀದಿಗೊಂದು, ಕೆಲವು ಕಡೆ ಬೀದಿಗೆರಡು ‘ಚೀಫಾ’ ಬೋರ್ಡು. ಇವು ಪೆರುವಿನ ಚೀನೀ ಹೋಟೆಲುಗಳು. ಒಳಗೆ ಹೋಗಿ ಕೂತರೆ ಮೆನುವಿನಲ್ಲಿ ಪುಟಗಟ್ಟಲೆ ಹೆಸರು, ಅರ್ಧ ಸ್ಪ್ಯಾನಿಶ್, ಅರ್ಧ ಕ್ಯಾಂಟೊನೀಸ್. ಒಂದೇ ಊಟಕ್ಕೆ ಅವಕಾಶ ಇದ್ದರೆ ಎಲ್ಲಿಗೆ ಹೋಗಬೇಕು, ಏನು ಹೇಳಬೇಕು, ಜೊತೆಗೆ ಇಂಕಾ ಕೋಲಾ ಅನ್ನುವ ಹಳದಿ ಸೋಡಾ ಕುಡಿಯೋದೋ ದ್ರಾಕ್ಷಿಯ ಮದ್ಯ ಪಿಸ್ಕೊ ಕುಡಿಯೋದೋ ಅಂತ ಗೊಂದಲ ಆಗೋದು ಸಹಜ. ಅಂಥವರಿಗಾಗಿ ಇದು.

ಮೊದಲು ಹಿನ್ನೆಲೆ ಸ್ವಲ್ಪ ಗೊತ್ತಿರಲಿ, ಆರ್ಡರ್ ಮಾಡುವಾಗ ಕೆಲಸಕ್ಕೆ ಬರುತ್ತದೆ. 1849ರಿಂದ 1874ರ ನಡುವೆ ಸುಮಾರು ಒಂದು ಲಕ್ಷ ಚೀನೀ ಕೂಲಿಗಳನ್ನು ಕರಾರಿನ ಮೇಲೆ ಪೆರುವಿಗೆ ಸಾಗಿಸಿದರು. ಹೆಚ್ಚಿನವರು ದಕ್ಷಿಣ ಚೀನಾದ, ಕ್ಯಾಂಟೊನೀಸ್ ಮಾತಾಡುವ ಗ್ವಾಂಗ್‌ಡಾಂಗ್ ಕಡೆಯವರು. ಕಬ್ಬಿನ ತೋಟ, ಹತ್ತಿ ಹೊಲ, ಹಕ್ಕಿ ಹಿಕ್ಕೆಯ ಗೊಬ್ಬರ ಅಗೆಯುವ ದ್ವೀಪಗಳು, ರೈಲು ಹಳಿ, ಎಲ್ಲ ಕಡೆ ದುಡಿಸಿಕೊಂಡರು. ಹೆಸರಿಗೆ ಕರಾರು, ಬದುಕು ಜೀತದ್ದೇ. ಪಡಿಯಾಗಿ ಸಿಗುತ್ತಿದ್ದದ್ದು ಅಕ್ಕಿ. ಕರಾರು ಮುಗಿಸಿ ಬದುಕುಳಿದವರಲ್ಲಿ ಅನೇಕರು ಲಿಮಾದ ಸೆಂಟ್ರಲ್ ಮಾರ್ಕೆಟ್ ಸುತ್ತ ಅಂಗಡಿ, ಊಟದ ಮನೆ ಇಟ್ಟರು. ಅಲ್ಲಿಂದ ಬಂದದ್ದು ಈ ಅಡುಗೆ. ಹಾಗಾಗಿ ಇದರ ಬುಡ ಕ್ಯಾಂಟೊನೀಸ್. ಶುಂಠಿ, ಸೋಯಾ ಸಾಸ್, ಜೋರು ಬೆಂಕಿ ಇರುತ್ತದೆ, ಖಾರ ಕಡಿಮೆ. ನಮ್ಮ ಕಡೆ ಗೋಬಿ ಮಂಚೂರಿ ಹೇಗೆ ಚೀನಾದ ಹೆಸರಿಟ್ಟುಕೊಂಡು ನಮ್ಮ ನಾಲಿಗೆಗೆ ತಕ್ಕ ಹಾಗೆ ಖಾರ ಆಯಿತೋ, ಅಲ್ಲಿ ಅದೇ ಅಡುಗೆ ಪೆರುವಿನ ನಾಲಿಗೆಗೆ ತಕ್ಕ ಹಾಗೆ ಸಿಹಿ ಕಡೆಗೆ ವಾಲಿತು. ಖಾರ ಬೇಕಾದವರಿಗೆ ‘ಅಹಿ’ ಅನ್ನುವ ಮೆಣಸಿನಕಾಯಿ ಸಾಸ್ ಬೇರೆ ಬಟ್ಟಲಲ್ಲಿ ಕೊಡುತ್ತಾರೆ.

ಯಾವುದರ ಮೇಲೆ ಅಳೆಯಬೇಕು

ನಾಲ್ಕು ವಿಷಯ ನೋಡಿ. ಎಷ್ಟು ಜನ ಇದ್ದೀರಿ? ಯಾವುದನ್ನು ತಿನ್ನೋದೇ ಇಲ್ಲ? ಎಷ್ಟು ದುಡ್ಡು? ಎಷ್ಟು ಸಿಹಿ ತಡೆಯುತ್ತೀರಿ?

ಮೊದಲ ಮೂರನ್ನು ಎಲ್ಲರೂ ಯೋಚಿಸುತ್ತಾರೆ. ನಾಲ್ಕನೆಯದನ್ನು ಯಾರೂ ಯೋಚಿಸುವುದಿಲ್ಲ, ಊಟ ಕೆಡೋದು ಅಲ್ಲೇ. ಚೀಫಾ ಮೆನುವಿನಲ್ಲಿ ‘ತಮರಿಂದೊ’ ಅಂತ ಕಂಡರೆ ನಮಗೆ ಹುಣಸೆಹಣ್ಣು ನೆನಪಾಗಿ ಖುಷಿಯಾಗುತ್ತದೆ. ಆದರೆ ಅದು ಕೆಂಪಗೆ ಅಂಟಂಟಾಗಿರುವ ಸಾಸ್. ನಾಲಿಗೆಗೆ ಮೊದಲು ಸಿಹಿ ಹತ್ತುತ್ತದೆ, ಹುಳಿ ಆಮೇಲೆ ನಿಧಾನಕ್ಕೆ. ಹಿಟ್ಟಿನ ತೆಳು ಹಾಳೆಯೊಳಗೆ ಮಾಂಸ ಇಟ್ಟು ಕರಿದ ವಾನ್‌ತಾನ್ ಜೊತೆ ಅದು, ಮುಖ್ಯ ತಟ್ಟೆಯಲ್ಲೂ ಅದು, ಕುಡಿಯಲು ಇಂಕಾ ಕೋಲಾ ಅಂದರೆ ಮೂರೂ ಸಿಹಿ. ಅರ್ಧ ಊಟಕ್ಕೇ ಸಾಕು ಅನಿಸಿಬಿಡುತ್ತದೆ. ಆಮೇಲೆ ‘ಚೀಫಾ ಚೆನ್ನಾಗಿರಲಿಲ್ಲ’ ಅಂತ ಎದ್ದು ಬರುತ್ತೀರಿ. ತಪ್ಪು ಅಡುಗೆಯದಲ್ಲ, ಜೋಡಣೆಯದು. ಒಂದು ಟೇಬಲ್ಲಿಗೆ ಸಿಹಿಯದು ಒಂದೇ ಇರಲಿ, ತಿನ್ನೋದೋ ಕುಡಿಯೋದೋ ಅಂತ ಮೊದಲೇ ತೀರ್ಮಾನ ಮಾಡಿ. ಮುಂದೆ ಹೇಳೋದನ್ನೆಲ್ಲ ನಾನು ಈ ಲೆಕ್ಕದ ಮೇಲೇ ಹೇಳುತ್ತೇನೆ.

ಎಲ್ಲಿಗೆ ಹೋಗೋದು

ಮೂರು ದಾರಿ ಇವೆ. ಮೊದಲನೆಯದು ಬಡಾವಣೆಯ ಸಣ್ಣ ಚೀಫಾ. ಟ್ಯೂಬ್‌ಲೈಟು, ಫಾರ್ಮಿಕಾ ಟೇಬಲ್ಲು, ಗೋಡೆಯ ಮೇಲೆ ಟೀವಿ. ಇಲ್ಲಿ ‘ಮೆನು’ ಅಂದರೆ ನಮ್ಮ ಪ್ಲೇಟ್ ಮೀಲ್ಸ್ ತರಹ ಒಂದು ಸೆಟ್. ಮೊದಲು ವಾನ್‌ತಾನ್ ಸೂಪ್ ಇಲ್ಲವೇ ಕರಿದ ವಾನ್‌ತಾನ್, ಆಮೇಲೆ ಅನ್ನದ್ದೋ ನೂಡಲ್ಸಿನದ್ದೋ ಒಂದು ದೊಡ್ಡ ತಟ್ಟೆ. ಹೆಚ್ಚುಕಮ್ಮಿ 12ರಿಂದ 20 ಸೋಲ್‌ಗೆ ಮುಗಿಯುತ್ತದೆ. ಒಂದು ಸೋಲ್ ಅಂದರೆ ಸುಮಾರು 25 ರೂಪಾಯಿ ಅಂತ ಇಟ್ಟುಕೊಳ್ಳಿ. ಒಬ್ಬರೇ ಇದ್ದರೆ, ಬಜೆಟ್ ಬಿಗಿ ಇದ್ದರೆ ಇದೇ ಸರಿ. ಲಿಮಾದ ಜನ ವಾರದ ದಿನ ತಿನ್ನುವ ಚೀಫಾ ಇದೇ. ಕೊರತೆ ಏನಪ್ಪಾ ಅಂದರೆ, ಚಿಕನ್ ಬಿಟ್ಟರೆ ಆಯ್ಕೆ ಕಡಿಮೆ, ಎಣ್ಣೆ ಜಾಸ್ತಿ, ನಿಮ್ಮ ‘ಅದು ಬೇಡ ಇದು ಬೇಡ’ಗಳನ್ನು ಕೇಳುವಷ್ಟು ಪುರುಸೊತ್ತು ಮಧ್ಯಾಹ್ನದ ಗದ್ದಲದಲ್ಲಿ ಅವರಿಗೆ ಇರುವುದಿಲ್ಲ.

ಎರಡನೆಯದು ಬಾರಿಯೊ ಚೀನೊ, ಅಂದರೆ ಹಳೇ ಚೀನೀ ಪೇಟೆ. ಊರ ಮಧ್ಯದ ಪ್ಲಾಸಾ ಮಯೋರ್‌ನಿಂದ ನಡೆದೇ ಹೋಗಬಹುದು. ಕಾಯೆ ಕಪೋನ್ ಅನ್ನುವ ಬೀದಿಯ ಬಾಯಲ್ಲಿ 1971ರಲ್ಲಿ ಕಟ್ಟಿದ ಚೀನೀ ಕಮಾನು ಸಿಗುತ್ತದೆ. ವಾ ಲೋಕ್, ಸಾನ್ ಹೊಯ್ ಲಾವ್, ಸಲೋನ್ ಕಪೋನ್ ತರಹದ ಹೆಸರುವಾಸಿ ಜಾಗಗಳೆಲ್ಲ ಅಲ್ಲೇ ಅಕ್ಕಪಕ್ಕ. ಇಲ್ಲಿ ತಟ್ಟೆಗಳು ಹಂಚಿಕೊಂಡು ತಿನ್ನೋಕೆ ಅಂತಲೇ ಮಾಡಿದವು. ಬೆಲೆ ಬಡಾವಣೆಯ ಚೀಫಾಕ್ಕಿಂತ ಎರಡು ಮೂರು ಪಟ್ಟು. ಆದರೆ ನಾಲ್ಕು ಜನ ಮೂರು ತಟ್ಟೆ ಹಂಚಿಕೊಂಡರೆ ತಲೆಗೆ ಬೀಳೋದು ಅಂಥ ಭಾರ ಏನಲ್ಲ. ಹಬೆಯಲ್ಲಿ ಬೇಯಿಸಿದ ತಿಂಡಿಗಳು, ಹುರಿದ ಬಾತುಕೋಳಿ, ಹುದುಗಿಸಿದ ಕಪ್ಪು ಸೋಯಾ ಕಾಳಿನ ‘ತಾವ್‌ಸಿ’ ಸಾಸಿನ ಅಡುಗೆಗಳು, ಇವೆಲ್ಲ ಇಲ್ಲೇ ಚೆನ್ನ. ಮಧ್ಯಾಹ್ನದ ಊಟಕ್ಕೇ ಹೋಗಿ. ಸಂಜೆ ಆಗ್ತಾ ಅಂಗಡಿಗಳು ಮುಚ್ಚಿ ಬೀದಿ ಖಾಲಿಯಾಗುತ್ತದೆ. ಭಾನುವಾರ ಕುಟುಂಬಗಳ ಜನಜಂಗುಳಿ, ಕಾಯಬೇಕಾಗುತ್ತದೆ. ಮಾರ್ಕೆಟ್ ಸುತ್ತ ಫೋನನ್ನು ಕೈಯಲ್ಲಿ ಹಿಡಿದು ಓಡಾಡಬೇಡಿ, ಜೇಬುಗಳ್ಳರ ಕಾಟ ಇದೆ.

ಮೂರನೆಯದು ಮಿರಾಫ್ಲೋರೆಸ್, ಸಾನ್ ಇಸಿದ್ರೊ ಕಡೆಯ ದುಬಾರಿ ಚೀಫಾಗಳು. ಪೆರುವಿನ ಹೆಸರಾಂತ ಬಾಣಸಿಗ ಗಾಸ್ತೋನ್ ಅಕೂರಿಯೊ ಶುರು ಮಾಡಿದ ‘ಮದಾಮ್ ತುಸಾನ್’ ಮಿರಾಫ್ಲೋರೆಸ್‌ನಲ್ಲಿದೆ. ಇಂಗ್ಲಿಷ್ ಬಲ್ಲವರು ಸಿಗೋ ಸಾಧ್ಯತೆ ಇಲ್ಲಿ ಜಾಸ್ತಿ, ಕಾಕ್‌ಟೇಲ್ ಚೆನ್ನ, ನಿಮ್ಮ ಪಥ್ಯಗಳನ್ನು ಕೂತು ಕೇಳುತ್ತಾರೆ. ಪ್ರವಾಸಿಗರು ಉಳಿಯೋದೂ ಅಲ್ಲೇ, ರಾತ್ರಿ ನಡೆದು ವಾಪಸ್ ಬರಬಹುದು. ದುಡ್ಡು ಮಾತ್ರ ಕರಗುತ್ತದೆ. ನನ್ನ ಅಭಿಪ್ರಾಯ ಹೇಳಬೇಕಂದರೆ, ಮೊದಲ ಸಲದವರು ಜೊತೆಗಾರರಿದ್ದರೆ ಬಾರಿಯೊ ಚೀನೊಗೇ ಹೋಗಬೇಕು. ಆ ಬೀದಿಯಲ್ಲಿ ಎರಡು ಹೆಜ್ಜೆ ನಡೆದು, ಬೇಕರಿಯ ‘ಮಿನ್ ಪಾವ್’ ಬನ್ನುಗಳ ಹಬೆ ನೋಡಿ, ಆಮೇಲೆ ಊಟಕ್ಕೆ ಕೂತರೆ ಆ ಅಡುಗೆ ಎಲ್ಲಿಂದ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಪೂರ್ತಿ ಸಸ್ಯಾಹಾರಿಗಳು, ಅಲರ್ಜಿ ಇರುವವರು, ಚಿಕ್ಕ ಮಕ್ಕಳ ಜೊತೆ ರಾತ್ರಿ ಊಟಕ್ಕೆ ಹೊರಟವರು ಮಿರಾಫ್ಲೋರೆಸ್ ಆರಿಸಿಕೊಂಡರೆ ನೆಮ್ಮದಿ.

ತಟ್ಟೆಯಲ್ಲಿ ಏನು

ಅನ್ನದಿಂದ ಶುರು ಮಾಡೋಣ. ಆರೋಸ್ ಚೌಫಾ ಅಂದರೆ ಫ್ರೈಡ್ ರೈಸ್, ಆದರೆ ನಮ್ಮ ಗಾಡಿಯ ಫ್ರೈಡ್ ರೈಸ್ ಅಲ್ಲ. ವಿನೆಗರ್, ಚಿಲ್ಲಿ ಸಾಸ್ ಇಲ್ಲ. ತಣ್ಣಗಾದ ಉದುರು ಅನ್ನ, ಸಣ್ಣಗೆ ಹೆಚ್ಚಿದ ಶುಂಠಿ, ಈರುಳ್ಳಿ ಹೂವು, ಮೊಟ್ಟೆ, ಚಿಕನ್ನೋ ಹಂದಿಯೋ ಸೀಗಡಿಯೋ. ಒಳ್ಳೆ ಅಡುಗೆಯವನು ಸೋಯಾ ಸಾಸನ್ನು ಅನ್ನದ ಮೇಲೆ ಸುರಿಯುವುದಿಲ್ಲ. ಹೊಗೆಯಾಡುವ ಬಾಣಲೆಯ ಅಂಚಿಗೆ ಸುತ್ತಲೂ ಬಿಡುತ್ತಾನೆ. ಅದು ಅಲ್ಲೇ ಚುರ್ ಅಂತ ಸುಟ್ಟು, ಆ ಸುಟ್ಟ ವಾಸನೆ ಒಂದೊಂದು ಅಗುಳಿಗೂ ಹತ್ತುತ್ತದೆ. ಬಡಾವಣೆಯ ಹೋಟೆಲಿನಲ್ಲಿ ಅಡುಗೆಮನೆ ಕಾಣುವ ಹಾಗೆ ಕೂತರೆ ಇದನ್ನು ನೋಡಬಹುದು, ಸೌಟು ಬಾಣಲೆಗೆ ಬಡಿಯುವ ಸದ್ದು ನಿಲ್ಲೋದೇ ಇಲ್ಲ. ಚೌಫಾ ಚೆನ್ನಾಗಿದೆಯಾ ಅಂತ ತಿಳಿಯಬೇಕಾದರೆ ಅರ್ಧ ತಿಂದ ಮೇಲೆ ತಟ್ಟೆಯ ತಳ ನೋಡಿ. ಎಣ್ಣೆ ಕೆರೆ ಕಟ್ಟಿರಬಾರದು, ಅನ್ನ ಮುದ್ದೆಯಾಗಿರಬಾರದು.

ತಯಾರಿನ್ ಸಾಲ್ತಾದೊ ಇದರ ನೂಡಲ್ಸ್ ಜೋಡಿ. ಸಾಸ್ ಜಾಸ್ತಿ, ತರಕಾರಿ ಜಾಸ್ತಿ, ಒದ್ದೆ ಒದ್ದೆ. ಯಾವುದು ಬೇಕು ಅಂತ ತೀರ್ಮಾನ ಆಗದಿದ್ದರೆ ‘ಕೊಂಬಿನಾದೊ’ ಅನ್ನಿ, ಒಂದೇ ತಟ್ಟೆಯಲ್ಲಿ ಅರ್ಧ ಅದು, ಅರ್ಧ ಇದು. ‘ಏರೊಪುವೆರ್ತೊ’ ಇನ್ನೊಂದು. ಅದರಲ್ಲಿ ಅನ್ನ, ನೂಡಲ್ಸ್, ಮೊಳಕೆ ಕಾಳು ಎಲ್ಲವನ್ನೂ ಸೇರಿಸಿ ಒಟ್ಟಿಗೇ ಹುರಿಯುತ್ತಾರೆ. ಹೊಟ್ಟೆ ತುಂಬಬೇಕಾದ ಕಾಲೇಜು ಹುಡುಗರಿಗೆ ಸರಿ. ರುಚಿ ಬೇರೆ ಬೇರೆಯಾಗಿ ತಿಳಿಯಬೇಕು ಅನ್ನುವವರಿಗೆ ನಾನು ಹೇಳುವುದಿಲ್ಲ.

ಇನ್ನು ಜೊತೆಯ ತಟ್ಟೆ. ಸಿಹಿಯ ಲೆಕ್ಕ ಇಲ್ಲೇ ಮುಖ್ಯ. ತಿ ಪಾ ಕಾಯ್ ಅಂದರೆ ಕರಿದ ಚಿಕನ್ನು ತಮರಿಂದೊ ಸಾಸಿನಲ್ಲಿ. ಚಿ ಹೌ ಕಾಯ್ ಕೂಡ ಕರಿದ ಚಿಕನ್ನೇ, ಆದರೆ ಸಾಸ್ ಕಂದು, ಉಪ್ಪುಪ್ಪು, ಸೋಯಾ ಮತ್ತು ಆಯ್‌ಸ್ಟರ್ ಸಾಸಿನದು. ನೋಡೋಕೆ ಅಣ್ಣತಮ್ಮ, ರುಚಿಯಲ್ಲಿ ಪೂರ್ವ ಪಶ್ಚಿಮ. ಖಾರ ಉಪ್ಪು ಇಷ್ಟಪಡುವ ನಮ್ಮ ನಾಲಿಗೆಗೆ ಚಿ ಹೌ ಕಾಯ್ ಬೇಗ ಒಗ್ಗುತ್ತದೆ, ಅದರ ಮೇಲೆ ಸ್ವಲ್ಪ ಅಹಿ ಹಾಕಿಕೊಂಡರೆ ಇನ್ನೂ ಸರಿ. ಮಕ್ಕಳಿಗೆ ತಿ ಪಾ ಕಾಯ್.

ಕಾಮ್ ಲು ವಾನ್‌ತಾನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ಲಿಮಾದ ಕುಟುಂಬಗಳ ಟೇಬಲ್ಲಿನ ಮೇಲೆ ಇದಿಲ್ಲದೆ ಹಬ್ಬ ಆಗುವುದಿಲ್ಲ. ಕರಿದ ವಾನ್‌ತಾನ್‌ಗಳ ಗುಡ್ಡೆ, ಅದರ ಮೇಲೆ ಅನಾನಸ್, ದೊಣ್ಣೆ ಮೆಣಸಿನಕಾಯಿ, ಹಂದಿ, ಚಿಕನ್, ಸೀಗಡಿ, ಗೌಜಲ ಹಕ್ಕಿಯ ಪುಟ್ಟ ಮೊಟ್ಟೆಗಳು, ಎಲ್ಲದರ ಮೇಲೂ ಹೊಳೆಯುವ ಕೆಂಪು ಸಾಸ್. ಬಂದ ತಕ್ಷಣ ತಿನ್ನಬೇಕು. ಫೋಟೊ ತೆಗೆಯುತ್ತಾ ಕೂತರೆ ಐದು ನಿಮಿಷದಲ್ಲಿ ವಾನ್‌ತಾನ್ ಸಾಸು ಕುಡಿದು ಮೆತ್ತಗಾಗುತ್ತದೆ. ಸಾಸ್ ಬೇರೆ ಬಟ್ಟಲಲ್ಲಿ ಕೊಡಿ ಅಂತ ಕೇಳಬಹುದು, ಕೊಡುತ್ತಾರೆ. ಇಬ್ಬರಿಗೆ ಇದು ಬೇಡ, ಮುಗಿಯುವುದಿಲ್ಲ. ನಾಲ್ಕು ಜನಕ್ಕೆ ಒಂದು ತರಿಸಿದರೆ ಆ ಟೇಬಲ್ಲಿನ ಸಿಹಿಯ ಪಾಲು ಅಲ್ಲಿಗೆ ಮುಗಿಯಿತು.

ಲೋಮೊ ಸಾಲ್ತಾದೊ ಪೂರ್ತಿ ಚೀಫಾದ್ದಲ್ಲ, ಪೆರುವಿನ ಎಲ್ಲ ಹೋಟೆಲಿನಲ್ಲೂ ಸಿಗುತ್ತದೆ. ಆದರೆ ಎರಡು ಅಡುಗೆಮನೆಗಳು ಕೈ ಹಿಡಿದದ್ದು ಇದರಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಚೀನೀ ಬಾಣಲೆ, ಸೋಯಾ ಸಾಸ್, ಒಳಗೆ ಪೆರುವಿನ ಹಳದಿ ಮೆಣಸಿನಕಾಯಿ, ದಪ್ಪ ಹೋಳಿನ ಈರುಳ್ಳಿ ಟೊಮೆಟೊ, ಜೊತೆಗೆ ಕರಿದ ಆಲೂಗಡ್ಡೆ ಮತ್ತು ಅನ್ನ ಎರಡೂ. ನಾವು ದಿನಾ ತಿನ್ನುವ ಆಲೂಗಡ್ಡೆಯ ತವರು ಆ ಬೆಟ್ಟಗಳೇ ಅಲ್ವಾ, ಅದನ್ನು ಅಲ್ಲಿ ತಿನ್ನೋದರಲ್ಲಿ ಒಂದು ಸಂತೋಷ ಇದೆ. ನೆನಪಿರಲಿ, ಇದು ದನದ ಮಾಂಸ. ಬೇಡದವರು ‘ಪೋಯೊ ಸಾಲ್ತಾದೊ’ ಕೇಳಿ, ಅದು ಕೋಳಿ. ಮೆನುವಿನಲ್ಲಿ ‘ಕಾರ್ನೆ’ ಅಂದರೆ ಸಾಮಾನ್ಯವಾಗಿ ದನ, ‘ಚಾಂಚೊ’ ಅಂದರೆ ಹಂದಿ, ‘ಪಾತೊ’ ಬಾತುಕೋಳಿ, ‘ಲಾಂಗೊಸ್ತಿನೊ’ ಸೀಗಡಿ. ಈ ನಾಲ್ಕು ಬಾಯಿಪಾಠ ಮಾಡಿಕೊಂಡರೆ ಅರ್ಧ ಮೆನು ಅರ್ಥವಾಗುತ್ತದೆ.

ಸಸ್ಯಾಹಾರಿಗಳಿಗೆ ಬಿಡಿಸಿ ಹೇಳುತ್ತೇನೆ. ‘ಸಿನ್ ಕಾರ್ನೆ’ ಅಂದುಬಿಟ್ಟರೆ ಸಾಲದು. ದನದ ಮಾಂಸ ಬೇಡವಂತೆ ಅಂದುಕೊಂಡು ಕೋಳಿ ಹಾಕಿ ತರಬಹುದು. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಚಾಂಚೊ, ಸಿನ್ ಮರಿಸ್ಕೋಸ್, ಸಿನ್ ಸಾಲ್ಸಾ ದೆ ಒಸ್ತಿಯೋನ್’ ಅಂತ ಪೂರ್ತಿ ಹೇಳಿ, ಅಂದರೆ ದನ, ಕೋಳಿ, ಹಂದಿ, ಸೀಗಡಿ ತರಹದ ಸಮುದ್ರದ್ದು, ಆಯ್‌ಸ್ಟರ್ ಸಾಸ್ ಯಾವುದೂ ಬೇಡ ಅಂತ. ಮೊಟ್ಟೆಯೂ ಬೇಡದಿದ್ದರೆ ‘ಸಿನ್ ವೇವೊ’ ಸೇರಿಸಿ. ಫೋನಿನಲ್ಲಿ ಸ್ಪ್ಯಾನಿಶ್‌ನಲ್ಲಿ ಬರೆದಿಟ್ಟುಕೊಂಡು ತೋರಿಸೋದು ಇನ್ನೂ ಒಳ್ಳೆಯದು. ತರಕಾರಿ ಚೌಫಾ, ತರಕಾರಿ ತಯಾರಿನ್, ತೋಫು ತರಕಾರಿ ಸಿಗುತ್ತವೆ. ಸೂಪ್ ಕೇಳಬೇಡಿ, ಸಾರು ಕೋಳಿಯದ್ದೇ. ವಾನ್‌ತಾನ್ ಒಳಗೂ ಮಾಂಸ ಇರುತ್ತದೆ. ಬಾಣಲೆ ಒಂದೇ ಅನ್ನೋದು ಮನಸ್ಸಿಗೆ ಕಿರಿಕಿರಿ ಆಗುವವರು ಸುಮ್ನೆ ಮಾಮೂಲಿ ಚೀಫಾದಲ್ಲಿ ಒದ್ದಾಡಬೇಡಿ, ಲಿಮಾದಲ್ಲಿ ಪೂರ್ತಿ ಸಸ್ಯಾಹಾರಿ ಚೀಫಾಗಳೇ ಇವೆ, ಅವನ್ನು ಹುಡುಕಿ.

ಲೋಟದಲ್ಲಿ ಏನು

ಇಂಕಾ ಕೋಲಾ ಇಲ್ಲದ ಚೀಫಾ ಟೇಬಲ್ ಅಪರೂಪ. 1935ರಲ್ಲಿ ಲಿಮಾದ ಲಿಂಡ್ಲಿ ಕುಟುಂಬ ಶುರು ಮಾಡಿದ ಸೋಡಾ. ಬಣ್ಣ ಬಂಗಾರದ ಹಳದಿ, ವಾಸನೆ ಬಬಲ್ ಗಮ್ ತರಹ, ಸಿಹಿ ಗಟ್ಟಿ. ಪೆರುವಿನ ಜನಕ್ಕೆ ಇದರ ಮೇಲೆ ಎಷ್ಟು ಅಭಿಮಾನ ಅಂದರೆ ಕೋಕಾ ಕೋಲಾ ಕಂಪನಿ ಪೈಪೋಟಿ ಮಾಡಿ ಮಾಡಿ, ಕೊನೆಗೆ 1999ರಲ್ಲಿ ಪಾಲು ಕೊಂಡುಕೊಂಡಿತು. ಉಪ್ಪುಪ್ಪಾದ ಚೌಫಾ, ಚಿ ಹೌ ಕಾಯ್ ಜೊತೆ ಇದು ನಿಜಕ್ಕೂ ಸೇರುತ್ತದೆ, ಸೋಯಾದ ಉಪ್ಪನ್ನು ಅದರ ಸಿಹಿ ತೊಳೆಯುತ್ತದೆ. ಕಾಮ್ ಲು ಅಥವಾ ತಿ ಪಾ ಕಾಯ್ ತರಿಸಿದ್ದರೆ ಬೇಡ.

ಚೀಚಾ ಮೊರಾದಾ ಬೇರೆ ಜಾತಿ. ನೇರಳೆ ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದ ಜೊತೆ ಕುದಿಸಿ, ಸೋಸಿ, ತಣ್ಣಗಾದ ಮೇಲೆ ನಿಂಬೆ ಹಿಂಡಿ ಸಕ್ಕರೆ ಹಾಕುತ್ತಾರೆ. ಅಮಲಿಲ್ಲ. ಚಕ್ಕೆ ಲವಂಗದ ವಾಸನೆ ನಮಗೆ ಪರಿಚಿತ, ಮಕ್ಕಳಿಗೂ ಹಿರಿಯರಿಗೂ ಹಿಡಿಸುತ್ತದೆ. ಜಾಗದಿಂದ ಜಾಗಕ್ಕೆ ಸಕ್ಕರೆ ತುಂಬ ಬದಲಾಗುತ್ತದೆ. ‘ಕೋನ್ ಪೋಕಾ ಅಸೂಕರ್’ ಅಂತ ಕೇಳಿ ನೋಡಿ, ಆಗಷ್ಟೇ ಕಲಸುವ ಕಡೆ ಸಕ್ಕರೆ ಕಡಿಮೆ ಮಾಡಿ ಕೊಡುತ್ತಾರೆ. ಜಗ್ಗಿನಲ್ಲಿ ತರಿಸಿದರೆ ಅಗ್ಗ.

ನನ್ನ ಆಯ್ಕೆ ಮಾತ್ರ ಬಿಸಿ ಮಲ್ಲಿಗೆ ಚಹಾ. ಹಾಲಿಲ್ಲ, ಸಕ್ಕರೆ ಇಲ್ಲ, ಬೆಲೆ ಎಲ್ಲಕ್ಕಿಂತ ಕಡಿಮೆ. ಎಣ್ಣೆ ಪದಾರ್ಥದ ನಡುನಡುವೆ ಒಂದು ಗುಟುಕು ಕುಡಿದರೆ ನಾಲಿಗೆ ಮತ್ತೆ ಹೊಸದಾಗುತ್ತದೆ, ಸಿಹಿ ತಟ್ಟೆಗಳ ರುಚಿಯೂ ಆಗಲೇ ಸರಿಯಾಗಿ ಗೊತ್ತಾಗೋದು. ಲಿಮಾದ ನಲ್ಲಿ ನೀರನ್ನು ನೇರವಾಗಿ ಕುಡಿಯಬಾರದು. ಹೊಟ್ಟೆ ಸೂಕ್ಷ್ಮ ಇರುವವರಿಗೆ, ನಾಳೆ ಬೆಳಗ್ಗೆ ಮಾಚು ಪಿಚು ದಾರಿಯ ಕುಸ್ಕೊ ಊರಿಗೆ ವಿಮಾನ ಹತ್ತುವವರಿಗೆ ಕುದಿಸಿದ ಚಹಾ ಕಣ್ಣುಮುಚ್ಚಿ ಆರಿಸಬಹುದಾದದ್ದು.

ಮದ್ಯ ತೆಗೆದುಕೊಳ್ಳುವವರಿಗೆ ಪಿಸ್ಕೊ ಸವರ್ ಮತ್ತು ಚಿಲ್ಕಾನೊ ಎರಡೂ ದ್ರಾಕ್ಷಿಯ ಪಿಸ್ಕೊದವೇ. ಸವರ್‌ನಲ್ಲಿ ನಿಂಬೆರಸ, ಸಕ್ಕರೆ ಪಾಕ, ಮೇಲೆ ಬಿಳಿ ನೊರೆ. ಆ ನೊರೆ ಹಸಿ ಮೊಟ್ಟೆಯ ಬಿಳಿಯದ್ದು, ಮೊಟ್ಟೆ ತಿನ್ನದವರು ಗಮನಿಸಿ. ಚಿಲ್ಕಾನೊದಲ್ಲಿ ಮೊಟ್ಟೆ ಇಲ್ಲ. ಪಿಸ್ಕೊ, ನಿಂಬೆ, ಜಿಂಜರ್ ಏಲ್ ಅಷ್ಟೇ. ಉದ್ದ ಲೋಟ, ತಂಪು, ಸವರ್‌ನಷ್ಟು ಗಡಸಲ್ಲ. ಶುಂಠಿ ಹಾಕಿದ ಅಡುಗೆಗೆ ಶುಂಠಿಯ ಪಾನೀಯ ಒಪ್ಪುತ್ತದೆ, ಊಟದ ಜೊತೆಗೆ ಚಿಲ್ಕಾನೊವೇ ಮೇಲು. ಸವರ್ ಊಟಕ್ಕೆ ಮೊದಲು ಒಂದು ಸಾಕು. ಇವೆರಡನ್ನೂ ದುಬಾರಿ ಜಾಗದಲ್ಲೇ ಕುಡಿಯಿರಿ. ಬಡಾವಣೆಯ ಚೀಫಾದಲ್ಲಿ ಬಿಯರ್ ಕೇಳಿ, ಕುಸ್ಕೇನ್ಯಾ ಅಥವಾ ಪಿಲ್ಸೆನ್ ಕಯಾವ್ ಇರುತ್ತದೆ.

ಯಾರಿಗೆ ಯಾವ ಜೋಡಿ

ಒಬ್ಬರೇ, ಕೈ ಬಿಗಿ: ಬಡಾವಣೆಯ ಚೀಫಾ, ವಾನ್‌ತಾನ್ ಸೂಪ್, ಕೊಂಬಿನಾದೊ, ಚಿಕ್ಕ ಇಂಕಾ ಕೋಲಾ. ಸೂಪ್ ಬದಲು ಕರಿದ ವಾನ್‌ತಾನ್ ಆರಿಸಿದರೆ ಸಿಹಿ ಸಾಸ್ ಬಂದೇ ಬರುತ್ತದೆ, ಆಗ ಚಹಾ ಕೇಳಿ.

ಗಂಡ ಹೆಂಡತಿ ಅಥವಾ ಇಬ್ಬರು ಸ್ನೇಹಿತರು, ಸಂಜೆ, ಸ್ವಲ್ಪ ಖರ್ಚು ಮಾಡಬಹುದು ಅಂದರೆ ಮಿರಾಫ್ಲೋರೆಸ್. ಒಂದು ಚೌಫಾ, ಒಂದು ಲೋಮೊ ಅಥವಾ ಪೋಯೊ ಸಾಲ್ತಾದೊ, ಎರಡು ಚಿಲ್ಕಾನೊ. ಇದರಲ್ಲಿ ಸಿಹಿ ತಟ್ಟೆಯೇ ಇಲ್ಲ, ಹಾಗಾಗಿ ಕೊನೆಗೆ ಏನಾದರೂ ಸಿಹಿ ತಿನ್ನೋಕೆ ಜಾಗ ಉಳಿಯುತ್ತದೆ.

ನಾಲ್ಕೈದು ಜನರ ಕುಟುಂಬ ಬಾರಿಯೊ ಚೀನೊಗೆ ಹೋಗಲಿ. ಒಂದು ಕಾಮ್ ಲು, ಒಂದು ಚಿ ಹೌ ಕಾಯ್, ಒಂದು ದೊಡ್ಡ ಚೌಫಾ, ಒಂದು ತರಕಾರಿ ತಟ್ಟೆ, ಮಲ್ಲಿಗೆ ಚಹಾ. ಮಕ್ಕಳು ಹಳದಿ ಸೋಡಾ ಬೇಕು ಅಂತ ಹಟ ಮಾಡಿಯೇ ಮಾಡುತ್ತಾರೆ, ಒಂದು ಬಾಟಲಿ ಹಂಚಿ. ಇದರ ಮೇಲೆ ಇನ್ನೊಂದು ತಟ್ಟೆ ಸೇರಿಸೋಕೆ ಹೋಗಬೇಡಿ. ಅಷ್ಟು ಮಾಡಿದರೂ ಉಳಿದರೆ ‘ಪಾರಾ ಯೆವಾರ್’ ಅನ್ನಿ, ಕಟ್ಟಿಕೊಡುತ್ತಾರೆ. ಚೌಫಾ ರಾತ್ರಿಗೆ ಬಿಸಿ ಮಾಡಿ ತಿನ್ನಬಹುದು. ವಾನ್‌ತಾನ್ ಮಾತ್ರ ಅಲ್ಲೇ ಮುಗಿಸಿ, ಕಟ್ಟಿಸಿಕೊಂಡರೆ ಹೋಟೆಲ್ ರೂಮಿಗೆ ತಲುಪುವಷ್ಟರಲ್ಲಿ ಮೆತ್ತಗಾಗಿರುತ್ತದೆ.